ಗುಂಡಿಯ ಇನ್ನೊಂದು ಹೆಸರು

ದರ್ಜಿಯ ಅಂಗಡಿಯ ನಾಯಿಗೆ ಗುಂಡಿ ಎಂದು ಹೆಸರಿಟ್ಟವಳು ದರ್ಜಿಯ ತಂಗಿ. ಮರಿಯಾಗಿದ್ದಾಗ ಅದರ ಮೂಗು ಕೋಟಿನ ಕಪ್ಪು ಗುಂಡಿಯಂತೆ ದುಂಡಗೆ ಹೊಳೆಯುತ್ತಿತ್ತು; ಯಾರೋ ಈಗಷ್ಟೇ ನಾಲ್ಕು ಹೊಲಿಗೆ ಹಾಕಿ ಕೂರಿಸಿದ ಹಾಗೆ. ಹೆಸರೇನೋ ಚೆನ್ನಾಗಿಯೇ ಇತ್ತು. ದರ್ಜಿಯ ಅಂಗಡಿಯಲ್ಲಿ ಆ ಹೆಸರಿನಿಂದ ಏನು ಎಡವಟ್ಟಾಗಬಹುದು ಎಂದು ಮಾತ್ರ ಯಾರಿಗೂ ಹೊಳೆಯಲಿಲ್ಲ.

ಈಗ ಗುಂಡಿಗೆ ಒಂದೂವರೆ ವರ್ಷ. ಹಿಂಗಾಲ ಮೇಲೆ ನಿಂತರೆ ಮುಂಗಾಲುಗಳು ಸರಿಯಾಗಿ ಗಿರಾಕಿಯ ಎದೆಗೆ ತಾಗುತ್ತಿದ್ದವು. ಹೊಸ ಬಟ್ಟೆ ಹೊಲಿಸಲು ಬಂದವರು ಹಾಕಿಕೊಂಡ ಬಟ್ಟೆಗೆ ಕೆಸರು ಬಳಿಸಿಕೊಂಡು ಹೋಗುವಂತಾಗಿತ್ತು.

ಮಂಗಳವಾರ ಬ್ಯಾಂಡಿನ ಮೇಷ್ಟ್ರು ಬಂದರು. ತಮ್ಮ ಬ್ಯಾಂಡಿಗೆ ಹನ್ನೆರಡು ಕೋಟು ಹೊಲಿಸಬೇಕು, ಮೊದಲು ತಮ್ಮದೊಂದು ಆಗಲಿ, ಅದು ಒಪ್ಪಿಗೆಯಾದರೆ ಉಳಿದದ್ದು ಎಂದರು. ಬಿಳಿ ಅಂಗಿ, ಗರಿಗರಿ ಇಸ್ತ್ರಿ. ಕನ್ನಡಿಯ ಮುಂದೆ ನಿಂತು, "ಭುಜಕ್ಕೆ ಹತ್ತಿ ತುಂಬೋದು ಬೇಡ" ಎಂದರು. ಅಷ್ಟೇ. ಮೇಜಿನ ಕೆಳಗಿಂದ ಗುಂಡಿ ಬಾಣದ ಹಾಗೆ ಬಂತು. ಮೇಷ್ಟ್ರ ಎದೆಯ ಮೇಲೆ ಎರಡು ಪಂಜದ ಗುರುತು, ಪದಕ ಚುಚ್ಚಿದ ಹಾಗೆ, ಅಕ್ಕಪಕ್ಕ.

ಅವರು ಹೋದ ಮೇಲೆ ದರ್ಜಿ ಅಣ್ಣ ಟೇಪನ್ನು ಕತ್ತಿನಿಂದ ಕಿತ್ತು ಮೇಜಿನ ಮೇಲೆ ಬಿಸಾಡಿದ.

"ಶನಿವಾರ ಅವ್ರು ಟ್ರಯಲ್‌ಗೆ ಬರ್ತಾರೆ. ಅವತ್ತೂ ಇದು ಹಾರಿದ್ರೆ, ಭಾನುವಾರ ಮರದ ಮಿಲ್ಲಿನ ಕಾವಲುಗಾರನಿಗೆ ಕೊಟ್ಟುಬಿಡ್ತೀನಿ. ಅವನು ಸರಪಳಿಯಲ್ಲಿ ಕಟ್ಟಿಹಾಕಿ ಬುದ್ಧಿ ಕಲಿಸ್ತಾನೆ."

"ಅಳತೆ ಕೋಲಲ್ಲಿ ಎರಡು ಬಿಟ್ರೆ ಇಲ್ಲೇ ಕಲಿಯತ್ತೆ" ಎಂದಳು ಅತ್ತಿಗೆ.

"ಬಿಟ್ಟೆನಲ್ಲ ಹೋದ ವಾರ, ಪೇಪರ್ ಸುರುಳಿ ಸುತ್ತಿ! ಅದನ್ನೇ ಕಚ್ಕೊಂಡು ಅಂಗಡಿ ತುಂಬಾ ಓಡಾಡ್ತು. ಆಟ ಅಂದ್ಕೊಂಡಿದೆ ಮುಂಡೇದು."

ತಂಗಿಗೆ ಗಂಟಲವರೆಗೆ ಮಾತು ಬಂತು, ಅಲ್ಲೇ ನಿಂತಿತು. ಅವಳ ಮಾತುಗಳು ಯಾವಾಗಲೂ ಅಲ್ಲೇ ನಿಲ್ಲುತ್ತಿದ್ದವು. ಮೂಲೆಯ ಸ್ಟೂಲಿನಲ್ಲಿ ಕೂತು ಕಾಜಾ ಹಾಕುವುದು, ಗುಂಡಿ ಹೊಲಿಯುವುದು, ಅಂಚು ಮಡಿಸುವುದು ಅವಳ ಕೆಲಸ. ತುಟಿಯ ನಡುವೆ ಸದಾ ಸೂಜಿಯೋ ದಾರವೋ ಇರುತ್ತಿದ್ದುದರಿಂದ, ಅವಳಿಗೆ ನಾಚಿಕೆಯೋ ಪುರುಸೊತ್ತಿಲ್ಲವೋ ಗಿರಾಕಿಗಳಿಗೆ ತಿಳಿಯುತ್ತಿರಲಿಲ್ಲ. ಆದರೆ ಅವಳ ಕಣ್ಣಿಗೆ ಬೀಗವಿರಲಿಲ್ಲ. ಯಾರ ಒಂದು ಭುಜ ಇಳಿದಿದೆ, ಯಾರು ಹೊಟ್ಟೆ ಒಳಗೆಳೆದುಕೊಂಡು ಅಳತೆ ಕೊಡುತ್ತಾರೆ, ಎಲ್ಲ ಅವಳಿಗೆ ಗೊತ್ತು.

ಬುಧವಾರ ಅವಳು ಗುಂಡಿಯನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು. ಬೆಳಿಗ್ಗೆ ಪ್ಯಾಂಟಿನ ಉದ್ದ ಇಳಿಸಲು ಬಂದ ಅಂಚೆಯವನು "ಹೂಂ, ಹೂಂ" ಎಂದು ತಲೆಯಾಡಿಸಿ ಹೋದ, ಗುಂಡಿ ಅಲುಗಲಿಲ್ಲ. ಆಮೇಲೆ ಬಂದ ದಾದಿ ಮಗಳ ಫ್ರಾಕಿನ ಬಗ್ಗೆ, "ಲೇಸ್ ಬೇಡ, ಬೆನ್ನಿಗೆ ಜಿಪ್ ಬೇಡ, ಇಷ್ಟು ಗಿಡ್ಡ ತೋಳೂ ಬೇಡ" ಎಂದಳು. ಗುಂಡಿ ಮೂರು ಸಲ ಹಾರಿತು. ತಂಗಿ ಎಣಿಸಿದಳು. ಸರಿಯಾಗಿ ಮೂರು.

ದಾದಿ ಹೋದ ಮೇಲೆ ಅವಳು ಮೆಲ್ಲಗೆ ಕರೆದಳು. "ಗುಂಡಿ."

ನಾಯಿ ಕಿವಿಯನ್ನೂ ಎತ್ತಲಿಲ್ಲ. ಎತ್ತಬೇಕಾದರೂ ಏಕೆ? ಹುಟ್ಟಿದಾಗಿನಿಂದ ಆ ಅಂಗಡಿಯಲ್ಲಿ ಗುಂಡಿ ಎಲ್ಲಿ, ಗುಂಡಿ ಬಿಗಿ ಮಾಡು, ಗುಂಡಿ ಕಿತ್ತುಹಾಕು ಎಂಬ ಮಾತೇ. ಅದು ಎಂದೋ ಆ ಮಾತನ್ನು ಕಿವಿಗೆ ಹಾಕಿಕೊಳ್ಳುವುದನ್ನು ಬಿಟ್ಟಿತ್ತು.

ಅವಳು ಇನ್ನೂ ಮೆಲ್ಲಗೆ, "ಬೇಡ" ಎಂದಳು.

ಬಾಲ ನೆಲಕ್ಕೆ ಪಟಪಟ ಬಡಿಯಿತು. ಮರುಕ್ಷಣ ಗುಂಡಿ ಅವಳ ಮಡಿಲಲ್ಲಿತ್ತು, ಕೋಟು, ದಾರ, ಸೂಜಿಪೆಟ್ಟಿಗೆ ಎಲ್ಲದರ ಮೇಲೆ.

ತಂಗಿಗೆ ನಗು ತಡೆಯಲಾಗಲಿಲ್ಲ. ಚಪ್ಪಲಿ ಕಚ್ಚಿದರೆ ಬೇಡ, ಬಟ್ಟೆ ಎಳೆದರೆ ಬೇಡ, ಹಾರಿದರೆ ಬೇಡ, ಬೇಡ, ಬೇಡ! ಮನೆಯವರೆಲ್ಲ ಅದರ ಮುಖ ನೋಡಿ ಹೇಳಿದ ಮಾತು ಇದೊಂದೇ. ಪಾಪ, ಅದು ತನ್ನ ಹೆಸರೇ ಬೇಡ ಎಂದುಕೊಂಡಿತ್ತು. ಕರೆದಾಗಲೆಲ್ಲ ಓಡಿ ಬರುತ್ತಿತ್ತು. ಇಷ್ಟು ಮಾತು ಕೇಳುವ ನಾಯಿ ಊರಲ್ಲಿ ಇನ್ನೊಂದಿರಲಿಲ್ಲ.

ಊಟದ ಹೊತ್ತಿಗೆ ಅಣ್ಣನಿಗೂ ಅತ್ತಿಗೆಗೂ ತಿಳಿಸಿದಳು. ಅತ್ತಿಗೆ ಬಾಯಿಯಲ್ಲಿದ್ದ ನೀರು ಉಗುಳುವಷ್ಟು ನಕ್ಕಳು.

"ಸರಿ, ಈಗೇನು? ಗಿರಾಕಿಗಳಿಗೆ ಬೇಡ ಅನ್ಬೇಡಿ ಅಂತ ಬೋರ್ಡ್ ಹಾಕಣ್ವಾ?" ಎಂದ ಅಣ್ಣ.

"ಅವ್ರ ಬಾಯಿ ಕಟ್ಟಕ್ಕಾಗಲ್ಲ ಅಣ್ಣಾ. ಬೇಡ ಅಂದ್ರೆ ಚಾಪೆ ಮೇಲೆ ಹೋಗಿ ಕೂರಬೇಕು ಅಂತ ಇದಕ್ಕೆ ಹೇಳಿಕೊಡ್ತೀನಿ. ಹೊಡೆಯೋ ಹಾಗಿಲ್ಲ, ಬೈಯೋ ಹಾಗಿಲ್ಲ. ಶನಿವಾರದವರೆಗೆ ನನ್ನ ಮಾತು ಕೇಳಿ."

ತಂಗಿ ಒಂದೇ ಉಸಿರಿಗೆ ಇಷ್ಟು ಮಾತಾಡಿದ್ದೇ ಮನೆಯಲ್ಲಿ ದೊಡ್ಡ ಸುದ್ದಿ. ಅಣ್ಣ ಬೆರಗಾಗಿ ಒಪ್ಪಿಕೊಂಡ.

ಹಳೆ ಲೈನಿಂಗ್ ಬಟ್ಟೆಯನ್ನು ನಾಲ್ಕು ಮಡಿಕೆ ಹಾಕಿ ಅವಳು ತನ್ನ ಸ್ಟೂಲಿನ ಪಕ್ಕ ಚಾಪೆ ಮಾಡಿದಳು. ಬ್ರೆಡ್ಡನ್ನು ಹೆಬ್ಬೆರಳಿನ ಉಗುರಿನಷ್ಟು ಚೂರು ಮಾಡಿ ಜೇಬಿಗೆ ತುಂಬಿಕೊಂಡಳು. "ಬೇಡ" ಎಂದು ಒಂದು ಚೂರನ್ನು ಚಾಪೆಯ ಮೇಲೆ ಹಾಕುವಳು. ಗುಂಡಿ ಹಾರಿದರೆ ಬೈಯದೆ, ತಳ್ಳದೆ, ಗೋಡೆಯ ಹಾಗೆ ಬೆನ್ನು ತಿರುಗಿಸಿ ನಿಲ್ಲುವಳು. ನಾಲ್ಕೂ ಕಾಲು ನೆಲಕ್ಕೆ ಬಂದರೆ ಆಗ ತಿರುಗಿ, "ಜಾಣ" ಎನ್ನುವಳು. ಮೊದಲ ದಿನ ಬೆನ್ನು ತಿರುಗಿಸಿ ತಿರುಗಿಸಿ ಅವಳಿಗೇ ತಲೆ ಸುತ್ತಿತು. ಗುರುವಾರ ಸಂಜೆಯ ಹೊತ್ತಿಗೆ ಬೇಡ ಎಂದರೆ ಗುಂಡಿ ತಾನಾಗಿ ಚಾಪೆಗೆ ಹೋಗಿ, ಈಗ ನನ್ನದು ಕೊಡು ಎನ್ನುವ ಹಾಗೆ ನೋಡತೊಡಗಿತು.

ಶುಕ್ರವಾರ ಅತ್ತಿಗೆ ಅಣ್ಣನ ಟೋಪಿ ಹಾಕಿ ಗಿರಾಕಿಯ ವೇಷದಲ್ಲಿ ಬಂದಳು.

"ಏನಯ್ಯಾ ದರ್ಜಿ, ಈ ಕೋಟಿಗೆ ಜೇಬು ಬೇಡ, ತೋಳು ಬೇಡ, ಕೋಟೇ ಬೇಡ!"

"ಹಾಗಾದ್ರೆ ಏನು ಹೊಲೀಲಿ, ನಿನ್ನ ಬಾಯಿನಾ?" ಎಂದ ಅಣ್ಣ.

ಗುಂಡಿ ಚಾಪೆಯ ಮೇಲೆ ಕೂತು ಮೂರು ಚೂರು ಗಳಿಸಿತು. ಆಮೇಲೆ ಅತ್ತಿಗೆ ಟೀ ತಂದಾಗ ಅಣ್ಣ ಮರೆತು, "ಸಕ್ಕರೆ ಬೇಡ" ಎಂದ. ಗುಂಡಿ ಎದ್ದು ಹೋಗಿ ಚಾಪೆಯ ಮೇಲೆ ಕೂತು ಅವನನ್ನೇ ದಿಟ್ಟಿಸಿತು. ಅಣ್ಣ ಟೀ ಬಿಟ್ಟು ಬ್ರೆಡ್ ಹುಡುಕಬೇಕಾಯಿತು.

ಶನಿವಾರ ಮೇಷ್ಟ್ರು ಹೇಳಿದ ಹೊತ್ತಿಗೆ ಬಂದರು. ಇವತ್ತು ಬಿಳಿ ಅಂಗಿಯಿರಲಿಲ್ಲ. ಕೆಸರಿನ ಬಣ್ಣದ್ದೇ ಹಾಕಿದ್ದರು. ಅಣ್ಣ ಗಡಿಬಿಡಿಯಲ್ಲಿ, ಅವರ ಬೂಟಿಗೆ ನೆಲದ ಮೇಲಿನ ಚಾಕ್‌ಪೀಸ್ ಪುಡಿ ಮೆತ್ತದಿರಲಿ ಎಂದು ಮೂಲೆಯಲ್ಲಿದ್ದ ಬಟ್ಟೆಯನ್ನು ಎಳೆದು ಕನ್ನಡಿಯ ಮುಂದೆ ಹಾಸಿ, "ಬನ್ನಿ ಸರ್, ಇದರ ಮೇಲೆ ನಿಲ್ಲಿ" ಎಂದ.

ತಂಗಿಯ ಕೈ ಸೂಜಿಯ ಮೇಲೆ ನಿಂತುಬಿಟ್ಟಿತು. ಅದು ಗುಂಡಿಯ ಚಾಪೆ!

ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಮೇಷ್ಟ್ರು ಕೋಟು ಹಾಕಿಕೊಂಡು ಬೆನ್ನು ನೋಡಿಕೊಂಡರು. "ಹಿಂದೆ ಈ ಸೀಳು ಬೇಡ."

ಗುಂಡಿ ಎದ್ದಿತು. ಮೂಲೆಗೆ ನೋಡಿತು, ಚಾಪೆ ಇಲ್ಲ. ಕನ್ನಡಿಯ ಕಡೆ ನೋಡಿತು. ಇದೆ. ನೇರವಾಗಿ ಮೇಷ್ಟ್ರ ಕಡೆ ಹೊರಟಿತು. ಮೇಷ್ಟ್ರು ಎರಡೂ ಕೈ ಎದೆಗೆ ಅಡ್ಡ ಹಿಡಿದರು. ಅಣ್ಣ ಕಣ್ಣು ಮುಚ್ಚಿದ. ತಂಗಿ ಸ್ಟೂಲಿನಿಂದ ಅರ್ಧ ಎದ್ದಳು.

ಗುಂಡಿ ಚಾಪೆಯ ಅಂಚನ್ನು ಮೂಸಿ, ಒಂದು ಸುತ್ತು ಹಾಕಿ, ಜಾಗವಿಲ್ಲದೆ ಮೇಷ್ಟ್ರ ಎಡ ಬೂಟಿನ ಮೇಲೆಯೇ ಕುಂಡೆಯೂರಿ ಕೂತಿತು. ಕೂತು, ತಂಗಿಯ ಕಡೆ ತಿರುಗಿ ಬಾಯಿ ಚಪ್ಪರಿಸಿತು.

ಮೇಷ್ಟ್ರು ನಿಧಾನವಾಗಿ ಕೈ ಇಳಿಸಿದರು.

"ಕ್ಷಮಿಸಿ ಸರ್" ಎಂದ ಅಣ್ಣ, ಬೆವರು ಒರೆಸಿಕೊಳ್ಳುತ್ತ. "ನಾಳೇನೇ ಇದನ್ನ ಕಳಿಸಿಬಿಡ್ತೀನಿ."

"ಬೇಡ!"

ಕೂಗಿದ್ದು ತಂಗಿ. ತುಟಿಯಲ್ಲಿದ್ದ ದಾರ ನೆಲಕ್ಕೆ ಬಿತ್ತು. ಅಂಗಡಿಯಲ್ಲಿ ಅಷ್ಟು ದೊಡ್ಡ ದನಿ ಅವಳದೇ ಎಂದು ನಂಬಲು ಅವಳಿಗೇ ಒಂದು ಗಳಿಗೆ ಬೇಕಾಯಿತು. ಗುಂಡಿ ಮಾತ್ರ ಬೆನ್ನು ಇನ್ನಷ್ಟು ನೆಟ್ಟಗೆ ಮಾಡಿ ಕೂತಿತು. ಅದರ ಲೆಕ್ಕದಲ್ಲಿ ಈಗ ಎರಡು ಚೂರು ಬಾಕಿ.

"ಅದು ಹಾರಲಿಲ್ಲ ಅಣ್ಣಾ. ಚಾಪೆ ಮೇಲೆ ಕೂತಿದೆ. ಚಾಪೆ ಎಳೆದಿದ್ದು ನೀನು." ಆಮೇಲೆ ನೆಲ ನೋಡುತ್ತ ಮೇಷ್ಟ್ರಿಗೆ ಎಲ್ಲವನ್ನೂ ಹೇಳಿದಳು. ಹೇಳುತ್ತ ಹೇಳುತ್ತ ತಲೆಯೆತ್ತಿದಳು, ಏಕೆಂದರೆ ಮೇಷ್ಟ್ರು ನಗುತ್ತಿದ್ದರು, ಕೋಟಿನ ಕಚ್ಚಾ ಹೊಲಿಗೆ ಬಿಟ್ಟುಕೊಳ್ಳುವಷ್ಟು.

"ಮೂರೇ ದಿನದಲ್ಲಿ, ಒಂದು ಏಟೂ ಹಾಕದೆ?" ಎಂದರು. "ನಮ್ಮ ಡೋಲಿನವನನ್ನ ಕಳಿಸ್ತೀನಮ್ಮಾ. ನಿಲ್ಲಿಸು ಅಂದ್ರೆ ಇನ್ನೂ ಜೋರಾಗಿ ಬಾರಿಸ್ತಾನೆ. ಬ್ರೆಡ್ ನಾನೇ ಕೊಡಿಸ್ತೀನಿ."

"ಬೆನ್ನು ತಿರುಗಿಸಿ ನೋಡಿ ಸರ್" ಎಂದಳು ತಂಗಿ. ಎಂದು ನಾಲಿಗೆ ಕಚ್ಚಿಕೊಂಡಳು. ಆದರೆ ಮೇಷ್ಟ್ರು ಅದನ್ನು ಗಂಭೀರವಾಗಿಯೇ ಕೇಳಿಸಿಕೊಂಡರು. ಹೋಗುವಾಗ ಅಣ್ಣನಿಗೆ ಹೇಳಿದರು: "ಉಳಿದ ಹನ್ನೊಂದು ಜನಾನೂ ಅಳತೆಗೆ ಇಲ್ಲಿಗೇ ಕಳಿಸ್ತೀನಿ. ನಾಯಿ ಇರಬೇಕು, ತಿಳೀತಾ?"

ಭಾನುವಾರ ಅಂಗಡಿಗೆ ರಜೆ. ಅಣ್ಣ ಬೆಳಿಗ್ಗೆಯೇ ಬಾಗಿಲು ತೆಗೆದು ಒಳಗೆ ಯಂತ್ರ ತುಳಿಯುತ್ತಿರುವುದು ಕೇಳಿ ತಂಗಿ ಇಣುಕಿದಳು. ಮೇಷ್ಟ್ರ ಕೋಟಿನಲ್ಲಿ ಉಳಿದ ಕೆಂಪು ಬಟ್ಟೆಯನ್ನು ಚೌಕಕ್ಕೆ ಕತ್ತರಿಸಿ, ಒಳಗೆ ಹತ್ತಿ ತುಂಬಿ, ಸುತ್ತ ಅಂಚು ಕೂರಿಸುತ್ತಿದ್ದ.

ಅವಳನ್ನು ನೋಡಿ ಮುಖ ಗಂಟಿಕ್ಕಿಕೊಂಡ. "ಹಳೇದು ಗಲೀಜಾಗಿತ್ತು, ಅದಕ್ಕೆ. ಸುಮ್ನೆ ನಿಂತು ಏನು ನೋಡ್ತಿದ್ದೀಯ, ಹೇಳು. ಮೂಲೆಗೆ ಅಲಂಕಾರಕ್ಕೆ ಒಂದೊಂದು ಗುಂಡಿ ಹಾಕ್ಲಾ?"

"ಬೇಡ" ಎಂದಳು ತಂಗಿ.

ಸೂಜಿ ಇನ್ನೂ ಬಟ್ಟೆಯಲ್ಲಿ ಸಿಕ್ಕಿಕೊಂಡಿರುವಾಗಲೇ ಗುಂಡಿ ಓಡಿ ಬಂದು, ಯಂತ್ರದಿಂದ ನೆಲಕ್ಕೆ ಇಳಿಬಿದ್ದಿದ್ದ ಅರ್ಧ ಚಾಪೆಯ ಮೇಲೆ ಕೂತಿತು. ಅಣ್ಣ ತುಳಿಯುವುದನ್ನು ನಿಲ್ಲಿಸಿ ಜೇಬಿಗೆ ಕೈ ಹಾಕಿದ. ಬ್ರೆಡ್ಡಿನ ಚೂರುಗಳು ಅಲ್ಲಿ ಮೊದಲೇ ಇದ್ದವು.