ಕ್ಯಾಪ್ಟನ್ ಹೋದಮೇಲೆ ಬಂದ ನಾಯಿ

ಕೂಮ್‌ಡೂ ಕಣಿವೆಯಲ್ಲಿ ಮನುಷ್ಯರಿಗೆ ಐರಿಶ್ ಹೆಸರು, ನಾಯಿಗಳಿಗೆ ಇಂಗ್ಲಿಷ್ ಹೆಸರು. ಯಾವ ಕಾಲದಿಂದ ಹೀಗೆ ಎಂದು ಯಾರಿಗೂ ತಿಳಿಯದು. ದೇವರ ಹತ್ತಿರ, ಗಂಡನ ಹತ್ತಿರ, ಹಸುವಿನ ಹತ್ತಿರ ಐರಿಶ್. ನಾಯಿಯ ಹತ್ತಿರ ಮತ್ತು ತೆರಿಗೆಯವನ ಹತ್ತಿರ ಇಂಗ್ಲಿಷ್ ಎಂದು ನೂಲಾಳ ಅಜ್ಜಿ ಹೇಳುತ್ತಿದ್ದಳು. ಆ ಪ್ರಕಾರವೇ ಅವರ ಅಂಗಳದಲ್ಲಿ ಶೆಪ್ ಬಾಳಿ ಹೋಗಿದ್ದ, ರೋವರ್ ಬಾಳಿ ಹೋಗಿದ್ದ, ಹದಿಮೂರು ವರ್ಷ ಕ್ಯಾಪ್ಟನ್ ಇದ್ದ. ಕ್ಯಾಪ್ಟನ್ ಸತ್ತ ಸೆಪ್ಟೆಂಬರಿನಲ್ಲೇ, ಹದಿನೈದು ದಿನ ಕಳೆಯುವುದರೊಳಗೆ, ನೂಲಾಳ ಅಪ್ಪ ಟೈಗ್ ಕುರಿದೊಡ್ಡಿಯ ಬಾಗಿಲಲ್ಲಿ ಕುಸಿದು ಬಿದ್ದ.

ಬಲಗೈ, ಬಲಗಾಲು, ಬಾಯಿಯ ಬಲ ಅರ್ಧ ಹೋದವು. ಅವುಗಳ ಹಿಂದೆಯೇ ಇಂಗ್ಲಿಷೂ ಹೋಯಿತು, ಒಂದೇ ಒಂದು ಶಬ್ದವೂ ಉಳಿಯದಂತೆ. ಉಳಿದದ್ದು ತಾಯಿಯ ಮಡಿಲಲ್ಲಿ ಕಲಿತ ಭಾಷೆಯ ನಾಲ್ಕೈದು ಮಾತು. ಹೌದು. ಇಲ್ಲ. ಚಹಾ. ದೇವರೇ. ಮತ್ತೆ, ನೂಲಾ.

ಆದರೆ ಅವನು ಅತ್ತದ್ದು ಸಿಳ್ಳೆಗಾಗಿ. ಟೈಗ್‌ನ ಸಿಳ್ಳೆ ಎರಡು ಬೆಟ್ಟ ದಾಟುತ್ತಿತ್ತು. ಎಡಕ್ಕೊಂದು, ಬಲಕ್ಕೊಂದು, ನಿಲ್ಲು ಎನ್ನಲು ಒಂದು, ಬಾ ಎನ್ನಲು ಒಂದು. ಅಷ್ಟರಲ್ಲೇ ಅವನು ನಲವತ್ತು ಕುರಿಗಳನ್ನು ಮಂಜಿನ ನಡುವಿನಿಂದ ಗೇಟಿಗೆ ಇಳಿಸುತ್ತಿದ್ದ. ಈಗ ತುಟಿ ಕೂಡುತ್ತಿರಲಿಲ್ಲ. ಊದಿದರೆ ಗಾಳಿ, ಗಾಳಿಯ ಜೊತೆ ಜೊಲ್ಲು. ಅಂದಿನಿಂದ ಮನೆಗೆ ಸಿಳ್ಳೆಯೂ ನೂಲಾಳೇ, ನಾಯಿಯೂ ನೂಲಾಳೇ. ಬೆಳಗಾದರೆ ಬೂಟು ಹಾಕಿಕೊಂಡು ಬೆಟ್ಟ ಹತ್ತಿ, ಕೈ ಬೀಸಿ, ಕೂಗಿ, ಓಡಿ, ಕುರಿ ಇಳಿಸುವಳು.

ಅವಳಿಗೆ ಇಪ್ಪತ್ತೊಂಬತ್ತು. ಬೇಸಿಗೆಯಲ್ಲಿಯೇ ರಾಸ್‌ಲೇರ್ ಬಂದರಿನಿಂದ ಫ್ರಾನ್ಸಿಗೆ ಹೋಗುವ ಹಡಗಿನ ಅಡುಗೆಮನೆಯಲ್ಲಿ ಅವಳಿಗೆ ಕೆಲಸ ಸಿಕ್ಕಿತ್ತು. ಅಪ್ಪ ಬಿದ್ದಾಗ ಒಮ್ಮೆ ಗಡುವು ಕೇಳಿದ್ದಳು, ಕೊಟ್ಟಿದ್ದರು. ಎರಡನೆಯ ಸಲ ಕೊಡುವುದಿಲ್ಲ ಎಂದು ಹೆಡ್ ಅಡುಗೆಯವಳು ಪತ್ರದಲ್ಲಿ ನಯವಾಗಿಯೇ ಬರೆದಿದ್ದಳು. ಫೆಬ್ರವರಿ ಎರಡಕ್ಕೆ ಹಡಗಿನಲ್ಲಿರಬೇಕು.

"ಅಪ್ಪನ ಅನ್ನ ನೀರು ನಾನು ನೋಡ್ಕೋತೀನಿ," ಎಂದಿದ್ದಳು ಗೊಬ್ನೆಟ್ ಅತ್ತೆ. ಟೈಗ್‌ನ ಅಕ್ಕ ಅವಳು, ಗಂಡ ಸತ್ತ ಮೇಲೆ ಇದೇ ಮನೆಗೆ ಬಂದವಳು. "ಆದ್ರೆ ಈ ಮಂಡಿ ಇಟ್ಕೊಂಡು ಕುರಿ ಹಿಂದೆ ಓಡು ಅಂದ್ರೆ ನನ್ನನ್ನೇ ಹೊತ್ಕೊಂಡು ಬರಬೇಕಾಗತ್ತೆ."

"ಕುರಿ ಮಾರಿದ್ರೆ?"

"ಮಾರು. ವಸಂತಕ್ಕೆ ಮುಂಚೆ ನಿಮ್ಮಪ್ಪನ್ನೂ ಮಣ್ಣು ಮಾಡೋಣ."

ಅದು ಸುಳ್ಳಲ್ಲ. ಮಾರುವ ಮಾತೆತ್ತಿದ ದಿನ ಟೈಗ್ ಎಡಗೈಯಲ್ಲಿ ಕೋಲನ್ನು ಮೇಜಿನ ಮೇಲೆ ಇಟ್ಟು "ಇಲ್ಲ" ಎಂದವನು ಎರಡು ದಿನ ತುತ್ತು ಮುಟ್ಟಲಿಲ್ಲ.

ಅಕ್ಟೋಬರಿನಲ್ಲಿ ಪಕ್ಕದ ಬೆಟ್ಟದ ಮಾರ್ತಾನ್ ಹಗ್ಗ ಕಟ್ಟಿದ ನಾಯಿಮರಿಯೊಂದನ್ನು ತಂದು ಅಡುಗೆಮನೆಯಲ್ಲಿ ಬಿಟ್ಟ. ಏಳು ತಿಂಗಳ ಹೆಣ್ಣು, ಕಪ್ಪು ಮೈ, ಒಂದು ಕಿವಿ ಮಾತ್ರ ಬಿಳಿ. ಅದು ಸೀದಾ ಹೋಗಿ ಟೈಗ್‌ನ ಸತ್ತ ಕಾಲಿನ ಮೇಲೆ ಕುಳಿತಿತು.

"ಸಿಳ್ಳೆ ಬೇಡ ಇವಳಿಗೆ," ಎಂದ ಮಾರ್ತಾನ್. "ಕೋಲು ಸಾಕು. ಕೋಲು ಎತ್ತಿ ಅಗಲಕ್ಕೆ ಬೀಸಿದ್ರೆ, ಸುತ್ತು ಹಾಕ್ಕೊಂಡು ಹೋಗು. ನೆಲಕ್ಕೆ ಊರಿದ್ರೆ, ಇದ್ದಲ್ಲೇ ಬಿದ್ಕೋ. ಅಷ್ಟೇ. ಆದ್ರೆ ಕೋಲು ನೋಡಬೇಕಂದ್ರೆ ಮೊದಲು ತಿರುಗಬೇಕಲ್ಲ. ತಿರುಗೋಕೆ ಒಂದು ಹೆಸರು ಬೇಕು. ಟೈಗ್ ಬಾಯಲ್ಲೇ ಬರಬೇಕು. ಯಾರು ಕರೀತಾರೋ ನಾಯಿ ಅವರದು."

ನೂಲಾಳ ಎದೆಯಲ್ಲಿ ಏನೋ ಬೀಗ ಸಡಿಲಿದಂತಾಯಿತು. ಒಂದು ಹೆಸರು. ಅಪ್ಪನ ಬಾಯಲ್ಲಿ ನಿಲ್ಲುವ ಒಂದೇ ಒಂದು ಹೆಸರು ಸಿಕ್ಕರೆ ಅವನು ಗೇಟಿನಲ್ಲಿ ನಿಂತೇ ಕುರಿ ಇಳಿಸಬಹುದು, ತಾನು ಹಡಗು ಹತ್ತಬಹುದು.

"ಇಂಗ್ಲಿಷ್ ಹೆಸರಂತೂ ಆಗಲ್ಲ," ಎಂದಳು.

"ಹಾಗಾದ್ರೆ ಈ ಮನೇಲಿ ಮೊದಲನೇ ಸಲ ನಾಯಿಗೆ ಐರಿಶ್ ಹೆಸರು," ಎಂದಳು ಅತ್ತೆ. "ನಮ್ಮಮ್ಮ ಸಮಾಧಿಯಿಂದ ಎದ್ದು ಬರ್ತಾಳೆ."

"ಮನುಷ್ಯರ ಹೆಸರು ಮಾತ್ರ ಬೇಡ ಕಣಮ್ಮ," ಎಂದ ಮಾರ್ತಾನ್. ಕಾರಣ ಎಲ್ಲರಿಗೂ ಗೊತ್ತಿತ್ತು. ಮಾರ್ತಾನ್‌ನ ಚಿಕ್ಕಪ್ಪ ಒಮ್ಮೆ ತನ್ನ ನಾಯಿಗೆ ಡೊನಹಾ ಎಂದು ಹೆಸರಿಟ್ಟು, ಬೆಟ್ಟದ ಮೇಲೆ ನಿಂತು "ಬಿದ್ಕೋ ಡೊನಹಾ, ಕಳ್ಳ ನನ್ಮಗನೇ" ಎಂದು ಕೂಗಿದ್ದ. ಕೆಳಗಿನ ಮನೆಯ ಡೊನಹಾ ಹನ್ನೊಂದು ವರ್ಷ ಮಾತು ಬಿಟ್ಟ. ಚಿಕ್ಕಪ್ಪನ ಹೆಣಕ್ಕೂ ಬರಲಿಲ್ಲ.

ಅಂದಿನಿಂದ ನೂಲಾ ಹೆಸರು ಹುಡುಕತೊಡಗಿದಳು. ಮೊದಲು ರೇಲ್ಟಾ, ಅಂದರೆ ನಕ್ಷತ್ರ. ಅಪ್ಪನ ಎದುರು ಮೊಣಕಾಲೂರಿ ಕುಳಿತು, ಅವನ ಗಲ್ಲ ಹಿಡಿದು, ಮಗುವಿಗೆ ಕಲಿಸುವಂತೆ ಹೇಳಿಕೊಟ್ಟಳು. ಅವನ ನಾಲಗೆ ರೇಫದ ಮೇಲೆ ಹತ್ತಿ ಜಾರಿತು. ಬ್ಲಾ, ಅಂದರೆ ಹೂವು. ತುಟಿ ಮುಚ್ಚಬೇಕು, ಮುಚ್ಚಲಿಲ್ಲ. ಫ್ವೀಲಾನ್, ಅಂದರೆ ಕಡಲಹಕ್ಕಿ. ಅದಕ್ಕೆ ಅವನು ನಕ್ಕ, ಅರ್ಧ ಮುಖದಲ್ಲಿ. ಮಂಜು, ಇಬ್ಬನಿ, ನೆರಳು, ಕಲ್ಲು, ಜೇನು, ಹೀಗೆ ಭಾಷೆಯಲ್ಲಿದ್ದ ಚಿಕ್ಕ ಚಿಕ್ಕ ಮಾತುಗಳನ್ನೆಲ್ಲ ಸೆರಗಿಗೆ ಆರಿಸಿಕೊಂಡವಳಂತೆ ತಂದು ಅವನ ಮುಂದೆ ಸುರಿದಳು. ಪ್ರತಿ ಸಲವೂ ಅವನು ಕಣ್ಣು ಮುಚ್ಚಿ, ಕತ್ತಿನ ನರ ಉಬ್ಬಿಸಿ, ಬಾವಿಯ ಆಳದಿಂದ ಕೊಡ ಎಳೆಯುವವನಂತೆ ಎಳೆದು, ಕೊನೆಗೆ "ದೇವರೇ" ಎನ್ನುವನು.

"ದೇವರೇ ಅಂತಲೇ ಇಡೋಣ," ಎಂದಳು ಅತ್ತೆ. "ಪಾದ್ರಿಗಳು ಬಂದಾಗ ಮಾತ್ರ ಒಳಗೆ ಕಟ್ಟಿ ಹಾಕಿದ್ರಾಯ್ತು."

ಅಂಗಡಿಗೆ ಹೋದರೆ ಅಲ್ಲೂ ಅದೇ ಮಾತು. "ಇನ್ನೂ ನಾಮಕರಣ ಆಗ್ಲಿಲ್ವಾ?" ಎಂದು ಅಂಗಡಿಯ ಶೀಲಾ ಹಿಟ್ಟು ಕಟ್ಟುತ್ತ ಕೇಳುವಳು. "ಈ ಕಣಿವೇಲಿ ಖಾಲಿ ಇರೋ ಹೆಸರು ಅಂದ್ರೆ ಕಷ್ಟ ಬಿಡು. ಎಲ್ಲ ಹೆಸರಲ್ಲೂ ಯಾರೋ ಒಬ್ಬರು ವಾಸ ಮಾಡ್ತಿದಾರೆ." ನಗುತ್ತಲೇ ಹೇಳಿದ್ದು. ಆದರೆ ಅಂದು ಮನೆಗೆ ನಡೆಯುವಾಗ ನೂಲಾಳಿಗೆ ಕಣಿವೆಯ ಎರಡೂ ಬೆಟ್ಟಗಳು ಒಂದೊಂದು ಹೆಜ್ಜೆ ಒಳಕ್ಕೆ ಸರಿದು ನಿಂತಂತೆ ಕಂಡಿತು.

ನವೆಂಬರ್ ಹೋಯಿತು, ಡಿಸೆಂಬರ್ ಬಂತು. ಮಾರ್ತಾನ್ ವಾರಕ್ಕೆ ಮೂರು ಸಲ ಬಂದು ಮರಿಗೆ ಕೋಲು ಕಲಿಸಿದ. ಅದು ಜಾಣೆ, ನೋಡಿದರೆ ತಪ್ಪುತ್ತಿರಲಿಲ್ಲ. ನೋಡಬೇಕಲ್ಲ. ಕುರಿಯ ಹಿಂದೆ ಬಿದ್ದಾಗ ಅದಕ್ಕೆ ಟೈಗ್ ಕೂಗುವ "ಆ, ಆ" ಗಾಳಿಯಂತೆಯೇ ಕೇಳುತ್ತಿತ್ತು.

ಕ್ರಿಸ್‌ಮಸ್ ಕಳೆದ ಒಂದು ಮಧ್ಯಾಹ್ನ ನೂಲಾ ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದಳು. ಮರಿ ಗೋಡೆಯಾಚೆ ಹುಲ್ಲಿನಲ್ಲಿತ್ತು. ಒಳಗಿಂದ ಅಪ್ಪ ಕರೆದ, "ನೂಲಾ." ಚಹಾ ಬೇಕಿರಬೇಕು. ಆ ಹೆಸರು ಮಾತ್ರ ಅವನ ಬಾಯಿಂದ ಹಳೆಯ ಕಾಲದ ಹಾಗೆ ಬರುತ್ತಿತ್ತು, ದುಂಡಗೆ, ಪೂರ್ತಿಯಾಗಿ, ಎಲ್ಲೂ ಒಡೆಯದೆ. ಅವಳು ಕೈ ಒರೆಸಿಕೊಂಡು ತಿರುಗುವಷ್ಟರಲ್ಲಿ ಕಪ್ಪು ಮೈಯೊಂದು ಗೋಡೆ ಹಾರಿ ಅವಳ ಲಂಗ ಸವರಿಕೊಂಡು ಒಳಗೆ ಓಡಿತು. ಮೂರು ತಿಂಗಳಿಂದ ಆ ಶಬ್ದ ಕೇಳಿದಾಗಲೆಲ್ಲ ಮನೆಯಲ್ಲಿ ಯಾರೋ ಓಡುವುದನ್ನು ಅದು ನೋಡಿತ್ತು. ತಾನೂ ಓಡಿತ್ತು.

ನೂಲಾ ಒದ್ದೆ ದಿಂಬಿನ ಚೀಲ ಹಿಡಿದು ನಿಂತೇ ಇದ್ದಳು. ಅಜ್ಜಿಯ ಕಥೆ ನೆನಪಾಯಿತು. ಒಬ್ಬಳು ಹುಡುಗಿ ಲೋಕ ನೋಡಲು ಹೊರಟಳಂತೆ. ತಾಯಿ ಕರೆದರೆ ಓಗೊಡುವವರು ಯಾರು? ಹೊಸ್ತಿಲ ಕಲ್ಲಿಗೆ ತನ್ನ ಹೆಸರು ಕೊಟ್ಟು, ಅಮ್ಮ ಕರೆದರೆ 'ಓ' ಅನ್ನು ಎಂದು ಹೇಳಿ ಹೋದಳಂತೆ. ಏಳು ವರ್ಷ ಕಳೆದು ಬಂದರೆ ತಾಯಿ ಆ ಕಲ್ಲಿಗೆ ತಲೆ ಬಾಚಿ, ಎದೆಗೊರಗಿಸಿಕೊಂಡು ಕುಳಿತಿದ್ದಾಳೆ. ನೀನು ಯಾರಮ್ಮ ಎಂದು ಇವಳನ್ನೇ ಕೇಳಿದಳಂತೆ. ಹೆಸರು ಕೊಡೋದು ಅಂದ್ರೆ ಹಗ್ಗದ ತುದಿ ಕೊಟ್ಟ ಹಾಗೆ ಮಗಳೇ, ಎನ್ನುತ್ತಿದ್ದಳು ಅಜ್ಜಿ, ಕಥೆ ಮುಗಿಸಿ, ದೀಪ ಸಣ್ಣದು ಮಾಡುತ್ತ.

ಸಂಜೆ ಅತ್ತೆ ಬ್ರೆಡ್ ಕೊಯ್ಯುವಾಗ ನೂಲಾ ವಿಷಯ ಹೇಳಿದಳು.

ಅತ್ತೆಯ ಚಾಕು ನಿಂತಿತು. "ತಲೆ ಕೆಟ್ಟಿದೆಯಾ? ಜ್ಞಾನಸ್ನಾನದ ನೀರು ಬಿದ್ದ ಹೆಸರನ್ನ ನಾಯಿಗೆ ಕೊಡ್ತೀಯಾ?"

"ಬೇರೆ ಯಾರ ಹೆಸರಾದ್ರೂ ಜಗಳ. ಇದು ನಂದು. ನಾನು ಯಾರ ಹತ್ರ ಮಾತು ಬಿಡಲಿ?"

"ಊರು ನಗತ್ತೆ."

"ನಗಲಿ. ನಾನು ಇರಲ್ವಲ್ಲ ಕೇಳೋಕೆ."

ಟೈಗ್ ಕಿಟಕಿಯ ಕಡೆ ಮುಖ ಮಾಡಿ ಕುಳಿತಿದ್ದ. ಅವನಿಗೆ ಎಷ್ಟು ತಿಳಿಯಿತೋ. ಮರಿಯ ಬಿಳಿ ಕಿವಿ ಅವನ ಎಡಗೈ ಬೆರಳುಗಳ ನಡುವೆ ಇತ್ತು.

ಮರುದಿನದಿಂದ ಗೇಟಿನ ಬಳಿ ಕೆಲಸ ನಡೆಯಿತು. ನೂಲಾ ಅವನನ್ನು ನಿಲ್ಲಿಸಿ, ಕೋಲು ಕೈಗೆ ಕೊಟ್ಟು, ದೂರ ಸರಿದು ನಿಲ್ಲುವಳು. "ನೂಲಾ," ಎಂದು ಅವನು ಕರೆದರೆ ಬೆಟ್ಟದ ಅರ್ಧದಲ್ಲಿದ್ದ ನಾಯಿ ತಟಕ್ಕನೆ ತಿರುಗುವುದು. ಕೋಲು ಅಗಲಕ್ಕೆ ಬೀಸಿದರೆ ಸುತ್ತು ಹಾಕಿ ಕುರಿಗಳ ಬೆನ್ನಿಗೆ ಹೋಗುವುದು. ಊರಿದರೆ ಬೀಳುವುದು. ಹದಿನೈದು ದಿನದಲ್ಲಿ ನಲವತ್ತು ಕುರಿ ಗೇಟಿಗೆ ಬಂದವು. ಟೈಗ್ ಅಳುತ್ತ ನಕ್ಕ.

ನಾಯಿ ಕಲಿತದ್ದು ಸುಲಭವಾಗಿ. ಕಷ್ಟವಾದದ್ದು ನೂಲಾಳಿಗೆ. ಅಪ್ಪ ಕರೆದಾಗ ಅವಳು ತಿರುಗಬಾರದು. ತಿರುಗಿದರೆ ನಾಯಿ ಗೊಂದಲಕ್ಕೆ ಬೀಳುತ್ತಿತ್ತು. ಇಪ್ಪತ್ತೊಂಬತ್ತು ವರ್ಷ ಆ ಕರೆಗೆ ಎದ್ದ ಮೈ ಅದು. ಮೊದಮೊದಲು ಗೇಟಿನ ಕಂಬ ಹಿಡಿದುಕೊಂಡು ನಿಲ್ಲುತ್ತಿದ್ದಳು. ಆಮೇಲೆ ಉಗುರು ಅಂಗೈಗೆ ಒತ್ತಿಕೊಂಡು. ಜನವರಿ ಕೊನೆಗೆ, ಅವನು ಅವಳ ಬೆನ್ನ ಹಿಂದೆಯೇ ಕರೆದರೂ ಅವಳ ಕತ್ತು ಅಲುಗುತ್ತಿರಲಿಲ್ಲ. ಆ ದಿನ ಅವಳಿಗೆ ಗೆದ್ದೆ ಅನ್ನಿಸಬೇಕಿತ್ತು. ಬದಲಿಗೆ ಚಳಿ ಹಿಡಿದು ಒಲೆಯ ಮುಂದೆ ಕುಳಿತಳು.

"ಹೇಗಿದೀಯಾ ನೂಲಾ? ಎರಡು ಕಾಲಿಂದೋ ನಾಲ್ಕು ಕಾಲಿಂದೋ?" ಎಂದು ಶೀಲಾ ಅಂಗಡಿಯಲ್ಲಿ ಕೂಗಿದಾಗ ಅವಳಿಗೆ ಕೇಳಿಸಲೇ ಇಲ್ಲ. ಹಾಗೆ ನೋಡಿದರೆ ಯಾರು ಕರೆದರೂ ಈಗ ಎರಡನೆಯ ಸಲ ಕರೆಯಬೇಕಿತ್ತು.

ಫೆಬ್ರವರಿ ಒಂದು ಸೇಂಟ್ ಬ್ರಿಜಿಡ್ ಹಬ್ಬ. ಅತ್ತೆ ಜೊಂಡಿನ ಶಿಲುಬೆ ಹೆಣೆದು ಬಾಗಿಲ ಮೇಲೆ ಸಿಕ್ಕಿಸಿದ್ದಳು. ನೂಲಾಳ ಚೀಲದಲ್ಲೂ ಒಂದು ಪುಟ್ಟದನ್ನು ತುರುಕಿ, "ಬರೀ ಒಳ್ಳೆ ಸಾರು ಮಾಡು, ಫ್ರೆಂಚರಿಗೆ ನಮ್ಮ ಆಲೂಗಡ್ಡೆ ಅಂದ್ರೇನು ತಿಳೀಲಿ," ಎಂದು ಒಳಗೆ ಹೋಗಿಬಿಟ್ಟಳು. ನೂಲಾ ಅಪ್ಪನ ಹಣೆಗೆ ಮುತ್ತಿಟ್ಟಳು. ಅವನು ಕೋಲು ತೆಗೆದುಕೊಂಡು, ಕಾಲೆಳೆಯುತ್ತ ಗೇಟಿನವರೆಗೆ ಬಂದ.

ಬಸ್ಸು ನಿಲ್ಲುವ ಕೂಡುರಸ್ತೆ ಇಳಿಜಾರಿನ ಕೆಳಗೆ. ಅರ್ಧ ದಾರಿ ಬಂದಿದ್ದಳು.

"ನೂಲಾ."

ಅವಳು ತಿರುಗಲಿಲ್ಲ. ಮೇಲೆ ಹುಲ್ಲಿನಲ್ಲಿ ನಾಯಿ ಓಡುವ ಸದ್ದು ಕೇಳಿತು, ನಿಂತಿತು. ಅದು ಅವನ ಕಾಲ ಬಳಿ ಬಂದಿರಬೇಕು. ಸರಿ, ಎಂದುಕೊಂಡು ಹೆಜ್ಜೆ ಹಾಕಿದಳು.

"ನೂಲಾ."

ನಾಯಿ ಕಾಲ ಬಳಿಯೇ ಇದೆಯಲ್ಲ. ಮತ್ತೆ ಯಾರನ್ನು ಕರೆಯುತ್ತಿದ್ದಾನೆ?

ಮೂರನೆಯ ಸಲಕ್ಕೆ ಅವಳು ತಿರುಗಿದಳು. ಅಪ್ಪ ಗೇಟಿಗೆ ಒರಗಿ ನಿಂತಿದ್ದ. ನಾಯಿ ಅವನ ಬೂಟಿನ ಮೇಲೆ ಕುಳಿತು ಮುಖ ಮೇಲೆತ್ತಿತ್ತು. ಅವನು ಅದನ್ನು ನೋಡುತ್ತಲೂ ಇರಲಿಲ್ಲ. ನೋಡುತ್ತಿದ್ದದ್ದು ರಸ್ತೆಯನ್ನು. ಕೋಲು ಎಡಗೈಯಲ್ಲಿತ್ತು. ಅಂದರೆ ಅವನಿಗೆ ಮೊದಲಿನಿಂದಲೂ ಗೊತ್ತಿತ್ತು, ಯಾವ ಕರೆ ಯಾರಿಗೆ ಎಂದು.

ಕೋಲು ನೆಲಕ್ಕೆ ಊರಿದರೆ ತಾನು ಹೋಗಲಾರೆ. ಅದು ಅವಳಿಗೆ ತಲೆಯಲ್ಲಿ ಅಲ್ಲ, ಮಂಡಿಯಲ್ಲಿ ತಿಳಿಯಿತು; ಆಗಲೇ ಅವು ಬಾಗುತ್ತಿದ್ದವು. ಕೆಳಗೆ ಬಸ್ಸಿನ ಸದ್ದು. ಕೋಲಿನ ತುದಿ ಇಳಿಯಿತು, ಹುಲ್ಲಿನ ತಲೆ ಸವರಿತು, ಅಲ್ಲೇ ಬಹಳ ಹೊತ್ತು ನಿಂತಿತು. ಆಮೇಲೆ ಮೇಲೆದ್ದಿತು. ಹೆಗಲಿನ ಮಟ್ಟಕ್ಕೆ ಬಂದು, ಅಗಲಕ್ಕೆ, ತೋಳು ಹೋಗುವಷ್ಟು ದೂರ ಬೀಸಿತು.

ನಾಯಿ ಬೆಟ್ಟದ ಕಡೆ ಚಿಮ್ಮಿತು. ನೂಲಾ ರಸ್ತೆಯ ಕಡೆ ಓಡಿದಳು.

ಬಸ್ಸಿನವನು ಬಾಗಿಲು ತೆರೆದೇ ಕಾಯುತ್ತಿದ್ದ. "ಟೈಗ್ ಆಗ್ಲೇ ಕುರಿ ಇಳಿಸ್ತಿದಾನಾ?"

"ಹೂಂ," ಎಂದಳು, ಏದುಸಿರು ಬಿಡುತ್ತ.

"ಒಳ್ಳೆ ನಾಯಿಯಂತೆ. ನಿನಗೆ ಟಿಕೆಟ್ ಹೋಗೋದಕ್ಕಾ, ಹೋಗಿ ಬರೋದಕ್ಕಾ?"

ಕಿಟಕಿಯಾಚೆ ಕಪ್ಪು ಚುಕ್ಕೆಯೊಂದು ಬೆಟ್ಟದ ಮೈ ಮೇಲೆ ದೊಡ್ಡ ಸುತ್ತು ಹಾಕುತ್ತ ಏರುತ್ತಿತ್ತು. ಎಷ್ಟು ದೂರ ಕಳಿಸಿದರೂ ಆ ಸುತ್ತು ಮುಗಿಯುವುದು ಕಳಿಸಿದವನ ಕಾಲ ಬಳಿ ಎಂದು ಅವಳೇ ಅದಕ್ಕೆ ಕಲಿಸಿದ್ದಳು.

"ಹೋಗಿ ಬರೋದಕ್ಕೆ," ಎಂದಿತು ಅವಳ ಬಾಯಿ.

ಅವನು ಟಿಕೆಟ್ ಹರಿದು ಕೊಟ್ಟ. ಬಸ್ಸು ತಿರುವಿನಲ್ಲಿ ಹೊರಳಿತು. ನಾಯಿ ಇನ್ನೂ ಸುತ್ತಿನ ಅರ್ಧದಲ್ಲಿತ್ತು, ಬೆಟ್ಟ ಅಡ್ಡ ಬಂತು.