ಎಲೆಯ ಮೇಲಿನ ಬಿಳಿ

ಆಸ್ಪತ್ರೆಗೆ ಸೇರಿದ ದಿನ ಅವಳು ತನ್ನ ನೋವಿನ ಮಾತು ಬಿಟ್ಟು ಗಿಡದ ಮಾತನ್ನೇ ಆಡಿದ್ದಳು.

“ಮಣ್ಣಿಗೆ ಬೆರಳು ಚುಚ್ಚಿ ನೋಡಿ, ಒಣಗಿದ್ರೆ ಮಾತ್ರ ನೀರು. ಎಲೆ ಮೇಲೆ ಹಾಕ್ಬೇಡಿ, ಕೊಳೆಯುತ್ತೆ. ನೇರ ಬಿಸಿಲಿಗೂ ಇಡ್ಬೇಡಿ. ಕೇಳಿಸ್ತಾ?”

“ಕೇಳಿಸ್ತು ಕಣೇ, ನಾನೇನು ಕಿವುಡನಾ?”

ಅವನು ಮನೆಗಳಿಗೆ ಬಣ್ಣ ಬಳಿಯುವವನು. ಮೂವತ್ತೈದು ವರ್ಷದ ಕಸುಬು. ಬೀದಿಯವರ ಬಾಯಲ್ಲಿ ಸುಣ್ಣದಣ್ಣ. ಗಿಡ ಹೆಂಡತಿಯ ಅಕ್ಕ ಕೊಟ್ಟದ್ದು. ಆಕೆ ತೀರಿಕೊಳ್ಳುವ ಹಿಂದಿನ ವರ್ಷ ತನ್ನ ಮನೆಯ ಬಿಗೋನಿಯಾದಿಂದ ಗೇಣುದ್ದದ ಕಡ್ಡಿ ಮುರಿದು, ಒದ್ದೆ ಬಟ್ಟೆಯಲ್ಲಿ ಸುತ್ತಿ ತಂಗಿಯ ಕೈಗಿಟ್ಟಿದ್ದಳು. ಆಮೇಲೆ ಆ ಮನೆ ಮಾರಿಹೋಯಿತು. ತಾಯಿಗಿಡ ಏನಾಯಿತೆಂದು ಯಾರೂ ವಿಚಾರಿಸಲಿಲ್ಲ. ಉಳಿದದ್ದು ಇದೊಂದೇ. ಮನೆಯಲ್ಲಿ ಅದಕ್ಕೆ ಬೇರೆ ಹೆಸರಿಲ್ಲ, ‘ಅಕ್ಕನ ಗಿಡ’.

ಹದಿನೆಂಟು ದಿನ ಅವನು ಹೇಳಿದ್ದನ್ನು ಹೇಳಿದ ಹಾಗೆಯೇ ಮಾಡಿದ. ಕುಂಡವಿದ್ದದ್ದು ಅಡುಗೆಮನೆಯ ಕಿಟಕಿಯಲ್ಲಿ. ಎಲೆಗಳೆಲ್ಲ ಬೆಳಕಿನತ್ತ ಮುಖ ಮಾಡಿದ್ದವು. ಒಳಗೆ ನಿಂತವನಿಗೆ ಕಾಣುತ್ತಿದ್ದದ್ದು ಅವುಗಳ ಕಡುಗೆಂಪು ಬೆನ್ನು ಮಾತ್ರ. ಬೆಳಗಾಗುತ್ತಲೇ ಬ್ರಷ್ಷು ಹಿಡಿದು ಹೊರಡುವವನಿಗೆ ಅದರಾಚೆ ನೋಡುವ ಪುರುಸೊತ್ತು ಎಂದೂ ಸಿಕ್ಕಿರಲಿಲ್ಲ.

ಇನ್ನು ಮೂರು ದಿನಕ್ಕೆ ಮನೆಗೆ ಕಳಿಸುತ್ತೇವೆಂದು ಡಾಕ್ಟರು ಹೇಳಿದಾಗ ಅವನಿಗೆ ಅಡುಗೆಮನೆಯ ನೆನಪಾಯಿತು. ಊರವರ ಮನೆಯೆಲ್ಲ ಬೆಳ್ಳಗಾದರೂ ನಮ್ಮ ಕಿಟಕಿಯ ತುಕ್ಕು ಹೋಗಲಿಲ್ಲ ಎನ್ನುವುದು ಅವಳ ಹಳೆಯ ದೂರು. ಬೇರೆಯವರ ಮನೆಯಾಗಿದ್ದರೆ ಸಾಮಾನಿಗೆಲ್ಲ ಬಟ್ಟೆ ಹೊದಿಸುತ್ತಿದ್ದ. ಇಲ್ಲಿ ಕುಂಡವನ್ನು ಒಂದಿಷ್ಟು ಪಕ್ಕಕ್ಕೆ ತಳ್ಳಿ, ಸರಳುಗಳಿಗೆ ಬಿಳಿ ಎನಾಮೆಲ್ ಹಚ್ಚಿ ಮುಗಿಸಿದ. ಕುಂಡವನ್ನು ಮತ್ತೆ ಜಾಗಕ್ಕಿಡಲು ತಿರುಗಿಸಿ ನೋಡಿದ. ಹಸಿರು ಎಲೆಗಳ ತುಂಬ ಬಿಳಿಯ ಹನಿಗಳು.

ಬಣ್ಣ ಸಿಡಿದರೆ ಹಸಿಯಿದ್ದಾಗಲೇ ಒರೆಸಬೇಕು. ಕಸುಬಿನ ಮೊದಲ ಪಾಠ. ಬಣ್ಣ ಕರಗಿಸುವ ಥಿನ್ನರ್‌ನಲ್ಲಿ ಬಟ್ಟೆ ಅದ್ದಿ, ಒಂದೊಂದೇ ಎಲೆಯ ಕೆಳಗೆ ಅಂಗೈಯೊಡ್ಡಿ ಒರೆಸಿದ. ಬಿಳಿ ಹೋಗಲಿಲ್ಲ. ಒಣಗಿಬಿಟ್ಟಿದೆ ಎಂದುಕೊಂಡು ಇನ್ನಷ್ಟು ಥಿನ್ನರ್ ಸುರಿದುಕೊಂಡು ತಿಕ್ಕಿದ.

ಮರುದಿನ ಎಲೆಗಳು ಬೆಂದ ಸೊಪ್ಪಿನಂತೆ ಕಪ್ಪಾಗಿ ಜೋತಿದ್ದವು. ಸಂಜೆಯ ಹೊತ್ತಿಗೆ ಉದುರಿ, ಬೋಳು ಕಾಂಡ ನಿಂತಿತ್ತು.

ಪಕ್ಕದ ಮನೆಯ ಹೊಲಿಗೆಯಕ್ಕ ನಡೆದದ್ದನ್ನು ಕೇಳಿ ಹಣೆ ಚಚ್ಚಿಕೊಂಡಳು. “ಅಯ್ಯೋ ಸುಣ್ಣದಣ್ಣ, ಅದು ಬಣ್ಣ ಅಲ್ಲ, ಆ ಗಿಡದ ಚುಕ್ಕೆ! ಹುಟ್ಟಿದಾಗಿಂದ ಇರೋದು. ನಿಮ್ಮ ಮೂಗಿನ ಮೇಲಿನ ಮಚ್ಚೆಗೂ ಥಿನ್ನರ್ ಹಚ್ಚಿ ನೋಡಿ, ಹೋಗುತ್ತಾ?” ನಗಹೊರಟವಳು ಅವನ ಮುಖ ಕಂಡು ನಗು ನುಂಗಿಕೊಂಡಳು. “ನರ್ಸರಿಯಿಂದ ಇಂಥದ್ದೇ ಒಂದು ತಂದಿಟ್ಬಿಡಿ. ಆಪರೇಷನ್ ಆಗಿ ಬರೋರಿಗೆ ಈ ಸಂಕಟ ಯಾಕೆ?”

ಅವನು ಹೋದ. ಹತ್ತು ಕುಂಡಗಳು ಸಾಲಾಗಿದ್ದವು. ಎಲ್ಲಕ್ಕೂ ಅದೇ ಚುಕ್ಕೆ, ಅದೇ ಕೆಂಪು ಬೆನ್ನು. ಒಂದನ್ನು ಎತ್ತಿಕೊಂಡ. ಹೆಂಡತಿ ದಿನಾ ಬೆಳಿಗ್ಗೆ ಗಿಡದ ಬಳಿ ನಿಂತು ಅಕ್ಕನೊಡನೆ ಮಾತಾಡುವ ಹಾಗೆ ಗುಣುಗುಣು ಅನ್ನುತ್ತಾಳೆ. ಇನ್ನು ಮೇಲೆ ಯಾರೋ ಗೊತ್ತಿಲ್ಲದವರೊಡನೆ ಮಾತಾಡುತ್ತಾಳೆ. ಅದು ತನಗೊಬ್ಬನಿಗೇ ಗೊತ್ತಿರುತ್ತದೆ. ಎತ್ತಿದ್ದನ್ನು ಇಳಿಸಿದ.

“ಕಾಂಡ ಗಟ್ಟಿ ಇದ್ಯಾ?” ನಡೆದದ್ದನ್ನೆಲ್ಲ ಕೇಳಿಸಿಕೊಂಡ ನರ್ಸರಿಯವನು ವಿಚಾರಿಸಿದ. “ಹಾಗಾದ್ರೆ ಜೀವ ಇದೆ. ಇವತ್ತೇ ಗೆಣ್ಣಿನ ಕೆಳಗೆ ಕತ್ತರಿಸಿ ನೀರಲ್ಲಿಡಿ. ತಡ ಮಾಡಿದ್ರೆ ಕೊಳೆತು ಹೋಗುತ್ತೆ.”

ಅವನಿಗೆ ತನ್ನ ಕೈಯ ಮೇಲೆಯೇ ನಂಬಿಕೆ ಹೋಗಿತ್ತು. ಮನೆಗೆ ಹೋಗಿ ಅಕ್ಕನ ಗಿಡದ ಕುಂಡಕ್ಕೆ ಪೇಪರು ಸುತ್ತಿಕೊಂಡು, ಬಸ್ಸು ಹತ್ತಿ ವಾರ್ಡಿಗೇ ಬಂದ.

ಅವಳು ಬೋಳು ಕಾಂಡವನ್ನು ಬಹಳ ಹೊತ್ತು ನೋಡಿದಳು. ಅವನು ನಡೆದದ್ದನ್ನೆಲ್ಲ ಹೇಳಿದ, ಥಿನ್ನರ್ ಎಂಬ ಮಾತನ್ನು ಕೊನೆಗೆ ಹೇಳಿದ.

“ನಮ್ಮನೆಗೆ ಬಂದು ನಾಲ್ಕು ವರ್ಷ ಆಯ್ತಲ್ರೀ. ಒಂದಿನಾನೂ ನೋಡಿರ್ಲಿಲ್ವಾ?”

“ಬೆನ್ನು ನೋಡಿದ್ದೆ.”

ಅವಳು ಗೋಡೆಯ ಕಡೆ ಹೊರಳಿದಳು. ಪಕ್ಕದ ಹಾಸಿಗೆಯವರಿಗೆ ನರ್ಸಮ್ಮ ಮಾತ್ರೆ ಕೊಟ್ಟು ಹೋದ ಮೇಲೆ, ಅತ್ತ ತಿರುಗಿಕೊಂಡೇ ಕೇಳಿದಳು.

“ಇಂಥದ್ದೇ ಇನ್ನೊಂದು ತಂದಿಡಬಹುದಿತ್ತು. ನಂಗೇನು ಗೊತ್ತಾಗ್ತಿತ್ತು?”

“ಎತ್ಕೊಂಡಿದ್ದೆ. ಇಳಿಸಿ ಬಂದೆ.”

ಅವಳು ಇತ್ತ ತಿರುಗಿದಳು. ಕಣ್ಣು ಒದ್ದೆಯಾಗಿತ್ತು. “ಕತ್ತರಿ ಇಸ್ಕೊಂಡು ಬನ್ನಿ. ನನ್ನ ಕೈಲಿ ಬಲ ಇಲ್ಲ, ನೀವೇ ಕತ್ತರಿಸಿ.”

ಅವಳು ಗೆಣ್ಣುಗಳ ಮೇಲೆ ಬೆರಳಾಡಿಸಿ ಒಂದು ಕಡೆ ನಿಲ್ಲಿಸಿದಳು. ನರ್ಸಮ್ಮನಿಂದ ತಂದ ಕತ್ತರಿಯ ಬಾಯಿ ತೆರೆದು ಅವನು ಅವಳ ಬೆರಳಿನ ಪಕ್ಕಕ್ಕೆ ಹಿಡಿದ.

“ಇನ್ನೂ ಸ್ವಲ್ಪ ಕೆಳಗೆ. ಗೆಣ್ಣಿಗೆ ತಾಗಬಾರದು. ಹೂಂ, ಅಲ್ಲೇ.”

ಎರಡು ತುಂಡುಗಳಾದವು. ಕುಡಿಯುವ ನೀರಿನ ಲೋಟದಲ್ಲಿ ನಿಲ್ಲಿಸಿದ.

“ಬೇರು ಬರುತ್ತಾ?”

“ಎಲೆ ಇದ್ದಿದ್ರೆ ಬರುತ್ತೆ ಅಂತಿದ್ದೆ. ಈಗ ಗೊತ್ತಿಲ್ಲ.” ಲೋಟವನ್ನು ತನ್ನ ತಲೆದಿಂಬಿನ ಬಳಿಗೆ ಎಳೆದುಕೊಂಡಳು. “ಇದು ನನ್ನ ಹತ್ರ ಇರ್ಲಿ. ಕುಂಡದಲ್ಲಿರೋ ಬುಡ ಚಿಗುರಿದ್ರೂ ಚಿಗುರಬಹುದು. ಅದನ್ನ ನೀವು ನೋಡ್ಕೊಳ್ಳಿ.”

ಮೂರಂಗುಲದ ಮೋಟಿದ್ದ ಕುಂಡವನ್ನು ಅವನು ಎತ್ತಿಕೊಂಡ. ತನ್ನ ಪಾಲಿಗೆ ಅವಳು ಬಿಟ್ಟಿರುವ ನಂಬಿಕೆ ಇಷ್ಟೇ ಎಂದು ಅವನಿಗೆ ಅರ್ಥವಾಯಿತು. ಇಷ್ಟಾದರೂ ಉಳಿಯಿತಲ್ಲ ಎಂದುಕೊಳ್ಳುವ ಧೈರ್ಯವಾಗಲಿಲ್ಲ. ಕುಂಡವನ್ನು ಎರಡೂ ಕೈಯಲ್ಲಿ ಹಿಡಿದು, ಒಂದೊಂದೇ ಮೆಟ್ಟಿಲು ನೋಡಿಕೊಂಡು ಇಳಿದ.