ಬಾಗಿಲಿಗೆ ಹಚ್ಚಿದ ರಕ್ತ

ಪಾಸ್ಟರ್ ಆನಂದಕುಮಾರ್ ತೆಲುಗು ಬೈಬಲಿನಿಂದ 'ತೊಲಿಚೂಲು', ಅಂದರೆ ಚೊಚ್ಚಲ ಮಗು, ಎಂಬ ಮಾತು ಓದಿದ ಕೂಡಲೇ ಭಾರ್ಗವಿಯ ಕೈ ತಾನಾಗಿಯೇ ಹೊಟ್ಟೆಯ ಮೇಲೆ ಹೋಯಿತು. ಅವಳದು ಚೊಚ್ಚಲ ಬಸುರು, ಏಳನೇ ತಿಂಗಳು. ಹಿಂದೂಪುರದ ಆ ಚರ್ಚಿನಲ್ಲಿ ತಲೆಯ ಮೇಲೆ ಫ್ಯಾನು ತಿರುಗುತ್ತಿದ್ದರೂ ಬೆವೆತಳು. ಹಿಂದೆ ಐಗುಪ್ತದಲ್ಲಿ, ಅಂದರೆ ಈಜಿಪ್ಟಿನಲ್ಲಿ, ದೇವರು ಕಳಿಸಿದ ಸಾವು ಕುರಿಮರಿಯ ರಕ್ತ ಹಚ್ಚಿದ ಬಾಗಿಲುಗಳನ್ನು ದಾಟಿಕೊಂಡು ಹೋಯಿತಂತೆ. ಹಚ್ಚದ ಮನೆಗಳಲ್ಲಿ ಚೊಚ್ಚಲ ಮಕ್ಕಳೆಲ್ಲ ಸತ್ತರಂತೆ.

ಅವಳು ಕಲ್ಯಾಣದುರ್ಗದ ಹಿಂದೂ ಮನೆಯ ಹುಡುಗಿ. ವ್ಯಾನ್ ಓಡಿಸುವ ನರೇಶನನ್ನು ಮೆಚ್ಚಿ ಮದುವೆಯಾಗಿ ಈ ಕ್ರೈಸ್ತ ಮನೆಗೆ ಬಂದು ವರ್ಷವಾಗಿತ್ತು. ಈ ದೇವರು ಚೊಚ್ಚಲ ಮಕ್ಕಳನ್ನು ಹುಡುಕಿಕೊಂಡು ಬರುತ್ತಾನೆಂದು ಯಾರೂ ಅವಳಿಗೆ ಹೇಳಿರಲಿಲ್ಲ.

ಮಧ್ಯಾಹ್ನ ಊಟವಾದ ಮೇಲೆ ಮಗು ಮಿಸುಕುತ್ತಿಲ್ಲ ಅನ್ನಿಸಿತು. ಎಡಮಗ್ಗುಲಾಗಿ ಮಲಗಿದಳು. ಸಕ್ಕರೆ ನೀರು ಕುಡಿದಳು. ಇಲ್ಲ. ನರೇಶ್ ಗೋರಂಟ್ಲಕ್ಕೆ ಬಾಡಿಗೆ ಹೋಗಿದ್ದ, ಫೋನು ಎತ್ತಲಿಲ್ಲ. ಅತ್ತೆಗೆ ಹೇಳೋಣವೆಂದರೆ, ಬಾಯಿಬಿಟ್ಟರೆ ಎಲ್ಲಿ ನಿಜವಾಗಿಬಿಡುತ್ತದೋ ಎಂಬ ಭಯ. ಸೀಮೆಸುಣ್ಣ ಹಿಡಿದು ಹೊರಗೆ ಹೋದಳು. ಚಿಕ್ಕಂದಿನಲ್ಲಿ ಅಜ್ಜಿ ಬರೆಸುತ್ತಿದ್ದ ಹಾಗೆ ಬಾಗಿಲ ಮೇಲೆ 'ರೇಪು ರಾ' ಎಂದು ಬರೆದಳು. ಮನೆಯವರ ದನಿಯಲ್ಲಿ ಕೂಗುತ್ತ ಬರುವ ದೆವ್ವ ಆ 'ನಾಳೆ ಬಾ' ಓದಿಕೊಂಡು ಹಿಂದಿರುಗುತ್ತದೆ ಎಂದು ಅವರ ಊರಲ್ಲಿ ಎಲ್ಲರೂ ನಂಬಿದ್ದರು.

"ಏನಮ್ಮಾ ಅದು?"

ಹಿಂದೆ ಅತ್ತೆ ಪೋಲಮ್ಮ ನಿಂತಿದ್ದಳು. ಭಾರ್ಗವಿ ಸೀಮೆಸುಣ್ಣ ಕೆಳಗೆ ಬಿಟ್ಟಳು. "ಅತ್ತಮ್ಮಾ, ಮಗು ಅಲ್ಲಾಡ್ತಾ ಇಲ್ಲ" ಎಂದು ಅತ್ತುಬಿಟ್ಟಳು.

ಪೋಲಮ್ಮ ಬೈಯಲಿಲ್ಲ. ಚಪ್ಪಲಿಯನ್ನೂ ಮೆಟ್ಟದೆ ಓಡಿಹೋಗಿ ಆಟೋ ನಿಲ್ಲಿಸಿದಳು.

ದಾರಿಯುದ್ದಕ್ಕೂ ಭಾರ್ಗವಿ ಬಾಗಿಲು, ರಕ್ತ, ತೊಲಿಚೂಲು ಎಂದು ತಡವರಿಸುತ್ತಲೇ ಇದ್ದಳು. ಪೋಲಮ್ಮ ಅವಳ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಳು.

"ನಮ್ಮ ಸೆಟ್ಟೂರಾಗೂ ಬರೀತಿದ್ರು ಕಣಮ್ಮ. ನಾನೇ ಬರ್ದಿದ್ದೀನಿ. ಆದ್ರೆ ನಾಳೆ ಬಾ ಅಂದ್ರೆ, ನಾಳೆ ಬತ್ತದೆ ಅಂತ್ಲೇ ಅಲ್ವಾ? ಬೆಳಗಾದ್ರೆ ಮತ್ತೆ ಅದೇ ಭಯ. ಆ ರಕ್ತ ಹಂಗಲ್ಲ. ಈ ಮನೇಲಿ ಒಂದು ಸಾವು ಆಗೋಗೈತೆ, ಮರಿ ಸತ್ತೈತೆ, ನೀನು ಮುಂದಕ್ಕೆ ಹೋಗು ಅಂತ ಸಾವಿಗೆ ಹೇಳೋದು. ನಮ್ಮ ಬದ್ಲಿಗೆ ಸತ್ತ ಯೇಸಯ್ಯನ್ನ ಕುರಿಮರಿ ಅಂತ ಯಾಕಂತಾರೆ ಅನ್ನೋದು, ನಮ್ಮೂರ ಬಾಗಿಲು ನೆಪ್ಪಾದಾಗಲೇ ನಂಗೆ ತಿಳಿದಿದ್ದು."

"ಮತ್ತೆ ಹಚ್ಚದೆ ಇದ್ದೋರು, ಅತ್ತಮ್ಮಾ? ಆ ತಾಯಂದ್ರು ಏನು ಮಾಡ್ಬೇಕಿತ್ತು?"

ಆಟೋ ರೈಲ್ವೆ ಗೇಟು ದಾಟುವಾಗ ಪೋಲಮ್ಮ ಅವಳ ಬೆನ್ನಿಗೆ ಕೈ ಕೊಟ್ಟು ಹಿಡಿದಳು.

"ನಂಗೂ ತಿಳೀದು ಕಣಮ್ಮ. ಓದ್ತಾ ಅಲ್ಲಿಗೆ ಬಂದ್ರೆ ನಂಗೂ ಎದೆ ನಡುಗ್ತದೆ."

ಆಸ್ಪತ್ರೆಯಲ್ಲಿ ಅತ್ತೆಯನ್ನು ಒಳಗೆ ಬಿಡಲಿಲ್ಲ. ನರ್ಸು ಹೊಟ್ಟೆಯ ಮೇಲೆ ತಣ್ಣಗಿನ ಜೆಲ್ ಸವರಿ ಮಗುವಿನ ಎದೆಬಡಿತ ಕೇಳಿಸುವ ಮೆಷಿನ್ ಇಟ್ಟಳು. ಗೊರಗೊರ ಸದ್ದು, ಇನ್ನೇನೂ ಇಲ್ಲ. ಜಾಗ ಬದಲಿಸಿದಳು. ಭಾರ್ಗವಿ ಉಸಿರು ಬಿಗಿಹಿಡಿದಳು. ಮರಿ ಸತ್ತೈತೆ, ನೀನು ಮುಂದಕ್ಕೆ ಹೋಗು ಎಂದು ಮನಸ್ಸಿನಲ್ಲೇ ಹೇಳಿಕೊಂಡಳು. ಯಾರಿಗೆ ಹೇಳುತ್ತಿದ್ದೇನೆಂದು ಅವಳಿಗೇ ಗೊತ್ತಿರಲಿಲ್ಲ. ಇನ್ನೂ ಕೆಳಗೆ, ಬಲಕ್ಕೆ, ದಡದಡನೆ ಓಡುವ ಪುಟ್ಟ ಸದ್ದೊಂದು ಕೇಳಿಸಿತು.

"ನಿದ್ದೆ ಮಾಡ್ತಾ ಐತೆ, ಅಷ್ಟೆ" ಎಂದಳು ನರ್ಸು.

ಭಾರ್ಗವಿ ಹೊರಗೆ ಬಂದಾಗ ಪೋಲಮ್ಮ ಗೋಡೆಗೆ ಹಣೆಯಿಟ್ಟು ನಿಂತಿದ್ದಳು. ಸುದ್ದಿ ಕೇಳಿದೊಡನೆ ಅಲ್ಲೇ ನೆಲದ ಮೇಲೆ ಕುಸಿದು ಕೂತಳು. ಏಳಿಸಲು ಭಾರ್ಗವಿಯೇ ಕೈ ಕೊಡಬೇಕಾಯಿತು.